ಚಕ್ರದ ಮೇಲಿನ ಮನೆ, ದಾರಿಗಳ್ಳರ ಕಣ್ಣು: ಮೆಕ್ಸಿಕೊ ಹೆದ್ದಾರಿಯ ಎಪ್ಪತ್ತು ವರ್ಷ

ಹಿಂದೆ ಕಮಾನು ಕಟ್ಟಿದ ಬಂಡಿಯಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ‘ಆರ್‌ವಿ’ ಎಂದರೇನು ಅಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಂಡಿಯೊಳಗೇ ಹಾಸಿಗೆ, ಹಿಂದೆ ಎತ್ತಿನ ಮೇವು, ಬುತ್ತಿ ಗಂಟು, ಮೂರು ಕಲ್ಲು ಸಿಕ್ಕಿದ ಕಡೆ ಅಡುಗೆ. ಅಮೆರಿಕ, ಕೆನಡಾ, ಯುರೋಪಿನವರು ಇದನ್ನೇ ಮೋಟಾರಿನ ಮೇಲೆ ಮಾಡಿಕೊಂಡಿದ್ದಾರೆ. ಒಂದು ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ, ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಕಕ್ಕಸು. ಕೆಲವರಿಗೆ ಗಾಡಿಯೇ ಮನೆ. ಇನ್ನು ಕೆಲವರು ಮನೆಯನ್ನು ಟ್ರೇಲರ್ ಮಾಡಿ ಕಾರಿನ ಹಿಂದೆ ಎಳೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಇದಕ್ಕೆ ಕ್ಯಾರವಾನ್ ಅನ್ನುತ್ತಾರೆ. ಸಿನಿಮಾ ನಟರು ಶೂಟಿಂಗಿಗೆ ತರುವ ಗಾಡಿಯನ್ನು ನೀವು ನೋಡಿರಬಹುದು.

ಬಂಡಿಯವರು ಒಬ್ಬೊಬ್ಬರೇ ಹೊರಡುತ್ತಿರಲಿಲ್ಲ ಅನ್ನುವುದನ್ನೂ ನೆನಪಿಸಿಕೊಳ್ಳಿ. ಓಣಿಯ ಐದಾರು ಬಂಡಿ ಸಾಲಾಗಿ ಹೋಗುತ್ತಿದ್ದವು. ಅದಕ್ಕೂ ಹಿಂದೆ, ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ ಪೂರ್ತಿ ತಿರುಗುತ್ತಿದ್ದ ಲಂಬಾಣಿಗರು ತಾಂಡಾ ಕಟ್ಟಿಕೊಂಡೇ ಸಾಗುತ್ತಿದ್ದರು. ಮುಂದೆ ನಾಯಕ, ರಾತ್ರಿಗೆ ಕಾವಲು, ಬಿಡಾರದ ಸುತ್ತ ಚೀಲಗಳ ಗೋಡೆ. ಮನೆಯನ್ನೇ ಹೊತ್ತುಕೊಂಡು ದಾರಿ ನಡೆಯುವವನಿಗೆ ಒಂದು ಬೇರೆ ಬಗೆಯ ಭಯ ಇದೆ. ಬಸ್ಸಿನಲ್ಲಿ ಹೋಗುವವನ ಕಿಸೆ ಕತ್ತರಿಸಿದರೆ ಕಾಸು ಹೋಗುತ್ತದೆ. ಇವನ ಗಾಡಿ ಕಿತ್ತುಕೊಂಡರೆ ಹಾಸಿಗೆ, ಅಡುಗೆಮನೆ, ಪಾಸ್‌ಪೋರ್ಟ್, ಊರಿಗೆ ಮರಳುವ ದಾರಿ ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಅದೂ ಪರದೇಶದಲ್ಲಾದರೆ ಮಾತು ಬಾರದು, ನಿಜವಾದ ಪೊಲೀಸು ಯಾರು ಅನ್ನುವುದೂ ತಿಳಿಯದು.

ಈ ಭಯದ ಚರಿತ್ರೆ ಹೇಳಲು ನಾವು ಮೆಕ್ಸಿಕೊ ದೇಶವನ್ನು ಆರಿಸಿಕೊಂಡಿದ್ದೇವೆ. ಅಮೆರಿಕದ ದಕ್ಷಿಣ ಗಡಿಗೆ ಅಂಟಿಕೊಂಡ ಈ ದೇಶಕ್ಕೆ ಚಳಿಗಾಲ ಬಂತೆಂದರೆ ಅಮೆರಿಕ, ಕೆನಡಾದ ನಿವೃತ್ತರು ಬಿಸಿಲು ಹುಡುಕಿಕೊಂಡು ಆರ್‌ವಿಗಳಲ್ಲಿ ಇಳಿಯುತ್ತಾರೆ. ಹಿಮ ಬಿದ್ದಾಗ ಹಾರಿಬರುವ ಹಕ್ಕಿಗಳು ಅಂತಲೇ ಅವರಿಗೆ ಹೆಸರು. ನಮ್ಮೂರುಗಳಿಂದ ಹೋಗಿ ಅಮೆರಿಕದಲ್ಲಿ ನೆಲೆ ನಿಂತ ಮಕ್ಕಳೂ ಈಗ ರಜೆಯಲ್ಲಿ ಆರ್‌ವಿ ಬಾಡಿಗೆಗೆ ಹಿಡಿದು ತಿರುಗುತ್ತಾರೆ, ಅಲ್ಲಿಂದಲೇ ಅಪ್ಪ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಹಾಗಾಗಿ ಇದು ಪೂರ್ತಿ ಪರರ ಕತೆ ಅಲ್ಲ.

ಮೊದಲು ರಸ್ತೆ ಬಂತು. ಅಮೆರಿಕದ ಗಡಿಯ ನ್ಯುಯೆವೊ ಲರೆಡೊ ಪಟ್ಟಣದಿಂದ ಮೆಕ್ಸಿಕೊ ಸಿಟಿವರೆಗಿನ ಹೆದ್ದಾರಿ 1936ರಲ್ಲಿ ತೆರೆಯಿತು. ದಕ್ಷಿಣಕ್ಕೆ ಗ್ವಾಟೆಮಾಲಾ ಗಡಿ ಮುಟ್ಟಿದ್ದು 1950ರಲ್ಲಿ. ಆ ಸಂಭ್ರಮಕ್ಕೆ ಅದೇ ರಸ್ತೆಯ ಮೇಲೆ ಕಾರ್ ರೇಸ್ ನಡೆಸಿದರು. ಮುಂದಿನ ವರ್ಷವೇ, 1951ರಲ್ಲಿ, ಏರ್‌ಸ್ಟ್ರೀಮ್ ಎಂಬ ಬೆಳ್ಳಿ ಬಣ್ಣದ ಟ್ರೇಲರ್ ಮನೆಗಳನ್ನು ಮಾಡಿ ಮಾರುತ್ತಿದ್ದ ವ್ಯಾಲಿ ಬೈಯಮ್ ಎಂಬಾತ, ಬನ್ನಿ, ಎಲ್ಲರೂ ಕೂಡಿ ಮೆಕ್ಸಿಕೊ ದಾಟಿ ಮಧ್ಯ ಅಮೆರಿಕಕ್ಕೆ ಹೋಗೋಣ ಅಂತ ಕರೆ ಕೊಟ್ಟ. 63 ಟ್ರೇಲರುಗಳು ಬಂದು ಸೇರಿದವು. ನಿಕರಾಗುವಾ ದೇಶದ ಮನಾಗುವಾ ಮುಟ್ಟಿದ್ದು 14 ಮಾತ್ರ!

ಉಳಿದವರನ್ನು ಕಳ್ಳರು ದೋಚಿದರೇ? ಇಲ್ಲ. ದಾರಿ ಕೆಟ್ಟದಿತ್ತು, ಗಾಡಿಗಳು ಕೆಟ್ಟವು, ಜನರ ತಾಳ್ಮೆಯೂ ಕೆಟ್ಟಿತು. ಆ ಕಾಲಕ್ಕೆ ಪರದೇಶದ ಹೆದ್ದಾರಿಯ ದೊಡ್ಡ ಶತ್ರು ಗುಂಡಿ, ಕೆಸರು, ಸೇತುವೆ ಇಲ್ಲದ ಹೊಳೆ. ಬೈಯಮ್ ಇಷ್ಟಕ್ಕೇ ಬಿಡಲಿಲ್ಲ. 1959-60ರಲ್ಲಿ 41 ಟ್ರೇಲರುಗಳ ಸಾಲನ್ನು ಆಫ್ರಿಕಾದ ತುತ್ತತುದಿ ಕೇಪ್‌ಟೌನಿನಿಂದ ಈಜಿಪ್ಟಿನ ಕೈರೋವರೆಗೆ ನಡೆಸಿದ. ದಾರಿಯಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನೂ ಕಂಡು ಬಂದರು. 1962ರಲ್ಲಿ ಆತ ತೀರಿಕೊಂಡ ಮೇಲೆ ಆತನ ಬಳಗದವರು 1963-64ರಲ್ಲಿ ಇನ್ನೊಂದು ಸಾಲನ್ನು ಸಿಂಗಪುರದಿಂದ ಪೋರ್ಚುಗಲ್ಲಿನ ಲಿಸ್ಬನ್‌ಗೆ ಒಯ್ದರು. ಅದು ನಮ್ಮ ದೇಶವನ್ನೂ ಹಾದುಹೋಯಿತು. ಇಂದು ಅಂಥ ಸಾಲೊಂದು ಅದೇ ದೇಶಗಳನ್ನೆಲ್ಲ ದಾಟಿ ಹೋಗುವುದನ್ನು ನೆನೆಸಿಕೊಳ್ಳುವುದೂ ಕಷ್ಟ. ರಸ್ತೆ ಅಂದಿಗಿಂತ ನೂರು ಪಾಲು ಚೆನ್ನಾಗಿದೆ, ಆದರೂ ಕಷ್ಟ.

ಈ ಸಾಲುಗಳಿಂದ ಒಂದು ಪದ್ಧತಿ ಬೆಳೆಯಿತು. ಮುಂದಿನ ಗಾಡಿಯವನು ‘ವ್ಯಾಗನ್ ಮಾಸ್ಟರ್’. ದಾರಿ, ತಂಗುವ ಜಾಗ, ಹೊರಡುವ ಹೊತ್ತು ಎಲ್ಲ ಅವನ ಮಾತು. ಕೊನೆಯ ಗಾಡಿಯವನಿಗೆ ‘ಟೇಲ್ ಗನ್ನರ್’ ಅಂತ ಹೆಸರು. ಯುದ್ಧವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುವವನ ಹೆಸರದು. ಆದರೆ ಇವನ ಕೈಯಲ್ಲಿ ಇರುತ್ತಿದ್ದುದು ಸ್ಪ್ಯಾನರ್, ಜಾಕ್. ಯಾರದೇ ಗಾಡಿ ಕೆಟ್ಟು ನಿಂತರೂ ಇವನು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮಗೆ ಈ ಕೊನೆಯ ಗಾಡಿಯವನೇ ಇಡೀ ವ್ಯವಸ್ಥೆಯಲ್ಲಿ ದೊಡ್ಡವನಾಗಿ ಕಾಣುತ್ತಾನೆ. ದರೋಡೆಗೆ ಬೇಕಾಗುವುದು ಓಡುವ ಗಾಡಿ ಅಲ್ಲ, ನಿಂತ ಗಾಡಿ. ಒಂಟಿಯಾಗಿ, ಕತ್ತಲಲ್ಲಿ, ಕೆಟ್ಟು ನಿಂತ ಗಾಡಿ. ಆ ಸ್ಥಿತಿಯೇ ಬಾರದಂತೆ ಇವನು ನೋಡಿಕೊಳ್ಳುತ್ತಿದ್ದ.

ಮೆಕ್ಸಿಕೊ ಸರ್ಕಾರಕ್ಕೂ ಇದು ಅರ್ಥವಾಯಿತು. 1960ರಲ್ಲಿ ಅದು ‘ಆಂಹೆಲೆಸ್ ವೆರ್ದೆಸ್’, ಅಂದರೆ ಹಸಿರು ದೇವದೂತರು, ಎಂಬ ದಳ ಕಟ್ಟಿತು. ಪ್ರವಾಸೋದ್ಯಮ ಇಲಾಖೆಯ ಹಸಿರು ಪಿಕಪ್ ಗಾಡಿಗಳಲ್ಲಿ ಮೆಕಾನಿಕ್‌ಗಳು ಹೆದ್ದಾರಿಯ ಮೇಲೆ ಗಸ್ತು ತಿರುಗುತ್ತಾರೆ. ಪಂಕ್ಚರ್ ಆಗಿದೆಯೋ, ರೇಡಿಯೇಟರ್ ಕುದಿಯುತ್ತಿದೆಯೋ, ನಿಂತು ಸರಿಮಾಡಿಕೊಡುತ್ತಾರೆ. ಕೂಲಿ ಇಲ್ಲ. ಹಾಕಿದ ಬಿಡಿಭಾಗಕ್ಕೆ, ಎಣ್ಣೆಗೆ ಮಾತ್ರ ದುಡ್ಡು. ಈಗಲೂ 078 ನಂಬರಿಗೆ ಫೋನ್ ಮಾಡಿದರೆ ಬರುತ್ತಾರೆ. ಆದರೆ ಅವರ ಗಸ್ತು ಹಗಲಿನದು. ಪ್ರವಾಸಿಗರ ಸುರಕ್ಷತೆ ಅಂದರೆ ಬಂದೂಕಿನ ಕಾವಲು ಅಂತಲೇ ಎಲ್ಲ ಸರ್ಕಾರಗಳೂ ತಿಳಿಯುತ್ತವೆ. ಸ್ಪ್ಯಾನರ್ ಹಿಡಿದವರನ್ನು ಕಳಿಸಬೇಕು ಅಂತ ಒಂದು ಬಡದೇಶ ಅರವತ್ತು ವರ್ಷದ ಹಿಂದೆಯೇ ಯೋಚಿಸಿತ್ತು. ಈ ದಳಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ ಎಂಬುದು ನಮ್ಮ ಅನಿಸಿಕೆ.

1973ರ ಡಿಸೆಂಬರಿನಲ್ಲಿ ಇನ್ನೊಂದು ದೊಡ್ಡ ರಸ್ತೆ ತೆರೆಯಿತು. ಮೆಕ್ಸಿಕೊದ ಪಶ್ಚಿಮಕ್ಕೆ ಉದ್ದನೆ ನಾಲಗೆಯಂತೆ ಸಮುದ್ರಕ್ಕೆ ಚಾಚಿದ ಭೂಭಾಗ ಇದೆ, ಹೆಸರು ಬಾಹಾ ಕ್ಯಾಲಿಫೋರ್ನಿಯಾ. ಅದರ ತಲೆಯಿಂದ ತುದಿಯವರೆಗೆ, ಟಿಹುವಾನಾದಿಂದ ಕಾಬೊ ಸಾನ್ ಲುಕಾಸ್‌ವರೆಗೆ, ಸುಮಾರು 1,700 ಕಿಲೋಮೀಟರ್ ಡಾಂಬರು ಬಂತು. ಅದಕ್ಕೆ ಮುಂಚೆ ಅದು ಕಲ್ಲು, ಮರಳು, ಪಾಪಾಸುಕಳ್ಳಿಯ ದಾರಿ. ಗಾಡಿ ಕೆಟ್ಟರೆ ಹತ್ತಿರದ ದನಗಾಹಿ ಮನೆಯವರೇ ಗತಿ. ಡಾಂಬರು ಬಂದ ಮೇಲೆ ವ್ಯಾಗನ್ ಮಾಸ್ಟರ್ ಯಾಕೆ ಬೇಕು? ಸಾಲು ಬಿಟ್ಟು ಒಂದೊಂದೇ ಗಾಡಿ ಹೊರಡತೊಡಗಿತು. ಅಲೆಯ ಮೇಲೆ ಹಲಗೆ ಹತ್ತಿ ಆಡುವ ಸರ್ಫಿಂಗ್ ಹುಡುಗರು ಹಳೇ ವ್ಯಾನ್ ಹಿಡಿದು ಯಾರೂ ಇಲ್ಲದ ದಂಡೆ ಹುಡುಕಿಕೊಂಡು ಹೋದರು. ಯಾರೂ ಇಲ್ಲದಿರುವುದೇ ಆ ಜಾಗದ ಚೆಲುವು. ಯಾರೂ ಇಲ್ಲದಿರುವುದೇ ಮುಂದೆ ಅಪಾಯವೂ ಆಯಿತು.

ಹಲವು ವರ್ಷ ದೊಡ್ಡದೇನೂ ಆಗಲಿಲ್ಲ ಅಂತಲ್ಲ. ಬಟ್ಟೆ, ಕ್ಯಾಮೆರಾ, ಜನರೇಟರ್ ಕಳವು ಇದ್ದೇ ಇತ್ತು. ಲಂಚ ಕೇಳುವ ಪೊಲೀಸರೂ ಇದ್ದರು. ಆದರೆ ಬಣ್ಣ ಬದಲಾದದ್ದು 2006ರ ಡಿಸೆಂಬರಿನ ನಂತರ. ಹೊಸ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಮಾದಕವಸ್ತು ಗ್ಯಾಂಗುಗಳ ಮೇಲೆ ಸೈನ್ಯವನ್ನೇ ಬಿಟ್ಟರು. ದೊಡ್ಡ ಗ್ಯಾಂಗುಗಳು ಒಡೆದು ಚೂರಾದವು. ಚೂರುಗಳಿಗೆ ಮಾದಕವಸ್ತುವಿನ ದೊಡ್ಡ ವ್ಯಾಪಾರ ಕೈಗೆಟುಕದಿದ್ದಾಗ ಸಿಕ್ಕಿದ್ದಕ್ಕೆ ಕೈ ಹಾಕಿದವು: ಒತ್ತೆ ಹಿಡಿಯುವುದು, ಹಫ್ತಾ ವಸೂಲಿ, ಲಾರಿ ಲೂಟಿ, ಗಾಡಿ ಅಪಹರಣ.

2007ರ ಕೊನೆಯ ತಿಂಗಳುಗಳಲ್ಲಿ ಬಾಹಾದ ಉತ್ತರ ಭಾಗದಲ್ಲಿ ಒಂದರ ಹಿಂದೆ ಒಂದು ಘಟನೆ ನಡೆದವು. ಸಮುದ್ರದ ದಂಡೆಯಲ್ಲಿ ಆರ್‌ವಿ ನಿಲ್ಲಿಸಿ ಮಲಗಿದವರ ಮೇಲೆ ಮುಸುಕುಧಾರಿಗಳು ಬಿದ್ದರು. ಮರುಭೂಮಿಯ ಮೋಟಾರ್ ರೇಸ್ ಮುಗಿಸಿ ಟ್ರೇಲರ್ ಎಳೆದುಕೊಂಡು ಅಮೆರಿಕಕ್ಕೆ ಮರಳುತ್ತಿದ್ದ ಒಂದು ಕುಟುಂಬದ ಹಿಂದೆ, ರಾತ್ರಿ, ಪೊಲೀಸ್ ಗಾಡಿಯಂತೆ ಮಿನುಗುವ ದೀಪ ಕಾಣಿಸಿತು. ಪೊಲೀಸರೇ ಎಂದು ನಿಲ್ಲಿಸಿದರು. ಇಳಿದವರು ಬಂದೂಕುಧಾರಿಗಳು. ಗಾಡಿ, ಟ್ರೇಲರ್ ಎರಡೂ ಹೋದವು. ಆ ಕುಟುಂಬವನ್ನು ಕತ್ತಲಲ್ಲಿ ರಸ್ತೆಯಂಚಿಗೆ ಬಿಟ್ಟು ಹೋದರು.

ಆ ದೀಪದ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲಿಷಿನಲ್ಲಿ ರೌಡಿಗೆ ‘ಥಗ್’ ಅನ್ನುತ್ತಾರಲ್ಲ, ಅದು ಹಿಂದಿಯ ‘ಠಗ್’ನಿಂದ ಹೋದ ಮಾತು. ನಮ್ಮ ‘ಠಕ್ಕ’ವೂ ಅದೇ ಬಳಗದ್ದು. ಠಕ್ಕ ಅಂದರೆ ಬಲವಂತದಿಂದ ಕಿತ್ತುಕೊಳ್ಳುವವನಲ್ಲ, ನಂಬಿಸಿ ಮುಗಿಸುವವನು. ಇನ್ನೂರು ವರ್ಷದ ಹಿಂದೆ ಬ್ರಿಟಿಷರು ದಾಖಲಿಸಿದ ದಾರಿಹೋಕರ ಕೊಲೆಗಡುಕರು, ನಾವೂ ನಿಮ್ಮಂತೆ ಯಾತ್ರಿಕರು, ಕೂಡಿ ಹೋದರೆ ಕಳ್ಳರ ಭಯ ಇರಲ್ಲ, ಅಂತ ಹೇಳಿಯೇ ಜೊತೆ ಸೇರುತ್ತಿದ್ದರು. ಒಂಟಿ ದಾರಿಹೋಕನಿಗೆ ಬೇಕಾದದ್ದು ಜೊತೆ. ಠಕ್ಕ ಅದೇ ವೇಷ ಹಾಕಿದ. ಈ ಕಾಲದ ಪ್ರವಾಸಿಗೆ ಬೇಕಾದದ್ದು ಪೊಲೀಸರ ದೀಪ. ಮೆಕ್ಸಿಕೊದ ಠಕ್ಕ ಆ ದೀಪವನ್ನೇ ತಂದು ಗಾಡಿಗೆ ಕಟ್ಟಿಕೊಂಡ. ಇದರಿಂದ ಹೋದದ್ದು ಬರೀ ಗಾಡಿಯಲ್ಲ. ನಿಜವಾದ ಪೊಲೀಸ್ ಕೈ ಮಾಡಿದರೂ ನಿಲ್ಲಲು ಹೆದರುವ ಸ್ಥಿತಿ ಬಂತು. ನಿಲ್ಲದೆ ಹೋದರೆ ಅದೂ ಅಪಾಯವೇ.

2015ರ ನವೆಂಬರಿನಲ್ಲಿ ಇದರ ಅತಿ ಕೆಟ್ಟ ರೂಪ ಕಂಡಿತು. ಆಸ್ಟ್ರೇಲಿಯಾದ ಇಬ್ಬರು ಯುವಕರು ಕೆನಡಾದಿಂದ ವ್ಯಾನಿನಲ್ಲಿ ಹೊರಟು ಬಾಹಾ ಸುತ್ತಿ, ಹಡಗಿನಲ್ಲಿ ಗಾಡಿ ಸಮೇತ ಸಿನಲೋವಾ ರಾಜ್ಯದ ಟೊಪೊಲೊಬಾಂಪೊ ಬಂದರಿಗೆ ಬಂದರು. ಇಳಿದದ್ದು ರಾತ್ರಿ. ಬೆಳಗಾಗುವುದನ್ನು ಕಾಯದೆ ಹೊರಟರು. ಪೊಲೀಸರಂತೆ ನಟಿಸಿದ ಗುಂಪೊಂದು ಅವರನ್ನು ತಡೆದು ಗಾಡಿ ಕಸಿಯಲು ನೋಡಿ, ಗುಂಡು ಹೊಡೆಯಿತು ಅಂತ ತನಿಖೆಯವರು ಹೇಳಿದರು. ವ್ಯಾನ್ ಸುಟ್ಟು ಕರಕಲಾಗಿ ಸಿಕ್ಕಿತು. ಅಮೆರಿಕ ಸರ್ಕಾರ ತನ್ನ ಪ್ರಜೆಗಳಿಗೆ ‘ಹೋಗಲೇಬೇಡಿ’ ಅಂತ ಹೇಳುವ ಮೆಕ್ಸಿಕೊ ರಾಜ್ಯಗಳ ಪಟ್ಟಿಯಲ್ಲಿ ಸಿನಲೋವಾ ಇದೆ.

ಇಷ್ಟು ಕೇಳಿದ ಮೇಲೆ ಬಂದೂಕು ಇಟ್ಟುಕೊಳ್ಳಬಾರದೇ ಅನಿಸುತ್ತದೆ. ಅಮೆರಿಕದಲ್ಲಿ ಅನೇಕರ ಆರ್‌ವಿಯಲ್ಲಿ ಅದು ಇರುವುದೂ ನಿಜ. ಆದರೆ ಗಡಿ ದಾಟಿದರೆ ಅದು ಜೈಲಿನ ದಾರಿ. ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದೆ ಬಂದೂಕು ತರುವುದು ಗಂಭೀರ ಅಪರಾಧ. ಸೀಟಿನ ಕೆಳಗೆ ಮರೆತ ಒಂದು ಗುಂಡು ಸಿಕ್ಕರೂ ಹಿಡಿದು ಕೂರಿಸುತ್ತಾರೆ. 2014ರಲ್ಲಿ ಅಮೆರಿಕದ ಮಾಜಿ ಸೈನಿಕನೊಬ್ಬ, ದಾರಿ ತಪ್ಪಿ ಟಿಹುವಾನಾ ಗಡಿ ದಾಟಿದೆ ಅಂತ ಹೇಳಿದರೂ, ಗಾಡಿಯಲ್ಲಿ ಮೂರು ಬಂದೂಕು ಸಿಕ್ಕಿದ್ದಕ್ಕೆ ಏಳು ತಿಂಗಳು ಸೆರೆಮನೆಯಲ್ಲಿದ್ದ.

ಭಯಕ್ಕೆ ಇನ್ನೊಂದು ಗುಣ ಇದೆ. ಅಪಾಯ ಇಲ್ಲದ ಕಡೆಯೂ ಕತೆ ಹುಟ್ಟಿಸುತ್ತದೆ. ಯುರೋಪಿನ ಆರ್‌ವಿ ಜನರಲ್ಲಿ ಬಹುಕಾಲದಿಂದ ಒಂದು ಮಾತು ಓಡಾಡುತ್ತಿದೆ: ಫ್ರಾನ್ಸ್, ಸ್ಪೇನ್ ಹೆದ್ದಾರಿಗಳಲ್ಲಿ ಕಳ್ಳರು ಕಿಟಕಿಯಿಂದ ಮಂಪರಿನ ಗ್ಯಾಸ್ ಬಿಟ್ಟು ಮಲಗಿದವರನ್ನು ಪ್ರಜ್ಞೆ ತಪ್ಪಿಸಿ ದೋಚುತ್ತಾರೆ ಅಂತ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇದನ್ನು ಸಾರಾಸಗಟಾಗಿ ತಳ್ಳಿಹಾಕಿದೆ. ಅಷ್ಟು ದೊಡ್ಡ ಗಾಡಿಯನ್ನು ತುಂಬಲು ಬೇಕಾಗುವ ಮದ್ದಿನ ಪ್ರಮಾಣ ದೊಡ್ಡದು, ವಾಸನೆ ಘಾಟು, ಬೆಲೆ ದುಬಾರಿ. ಆಪರೇಷನ್ ಕೋಣೆಯಲ್ಲಿ ಡಾಕ್ಟರು ಪಕ್ಕದಲ್ಲೇ ನಿಂತು ಅಳೆದು ಕೊಡುವ ಮದ್ದನ್ನು ಕಳ್ಳ ಕಿಟಕಿಯಿಂದ ಊದಿ ಕೊಡಲಾರ. ಆದರೂ ಜನ ಗ್ಯಾಸ್ ಅಲಾರಂ ಕೊಳ್ಳುತ್ತಾರೆ. ಅದೇ ಸ್ಪೇನಿನ ಹೆದ್ದಾರಿಯಲ್ಲಿ ನಿಜವಾಗಿ ನಡೆಯುವ ಮೋಸ ತುಂಬ ಸರಳ. ಪಕ್ಕದ ಕಾರಿನವನು ನಿಮ್ಮ ಟೈರಿನ ಕಡೆ ಕೈ ತೋರಿಸುತ್ತಾನೆ. ನೀವು ನಿಲ್ಲಿಸಿ ಬಗ್ಗಿ ನೋಡುವಷ್ಟರಲ್ಲಿ ಅವನ ಜೊತೆಗಾರ ಮುಂದಿನ ಸೀಟಿನ ಬ್ಯಾಗ್ ಎತ್ತಿರುತ್ತಾನೆ. ಇದನ್ನು ಓದಿ ನಮ್ಮ ಪೇಟೆಗಳಲ್ಲಿ ಬ್ಯಾಂಕಿನ ಮುಂದೆ ‘ನಿಮ್ಮ ದುಡ್ಡು ಬಿದ್ದಿದೆ ನೋಡಿ’ ಅನ್ನುವ ಆಟ ನೆನಪಾಗದವರು ಯಾರು?

ಹಾಗಾದರೆ ದಾರಿ ಬಲ್ಲವರು ಏನು ಮಾಡುತ್ತಾರೆ? ಮೆಕ್ಸಿಕೊದಲ್ಲಿ ಎರಡು ಬಗೆಯ ಹೆದ್ದಾರಿ ಇದೆ. ‘ಲಿಬ್ರೆ’ ಅಂದರೆ ಪುಕ್ಕಟೆ, ‘ಕ್ವೋಟಾ’ ಅಂದರೆ ಟೋಲ್. 1990ರ ದಶಕದ ಆರಂಭದಲ್ಲಿ ಖಾಸಗಿಯವರಿಂದ ಸಾವಿರಾರು ಕಿಲೋಮೀಟರ್ ಟೋಲ್ ರಸ್ತೆ ಮಾಡಿಸಿದರು. ಟೋಲ್ ದುಬಾರಿ. ಆದರೂ ಬೇಲಿ, ಬೆಳಕು, ವಾಹನ ಸಂಚಾರ ಇರುವುದರಿಂದ ಆರ್‌ವಿಯವರು ಅದನ್ನೇ ಹಿಡಿಯುತ್ತಾರೆ. ಟೋಲ್ ರಸ್ತೆಯಲ್ಲಿ ಏನೂ ಆಗುವುದಿಲ್ಲ ಅಂತಲ್ಲ, ಮೇಲೆ ಹೇಳಿದ ಕುಟುಂಬ ಹೋಗುತ್ತಿದ್ದದ್ದು ಅಂಥ ರಸ್ತೆಯಲ್ಲೇ, ಆದರೆ ರಾತ್ರಿಯಲ್ಲಿ. ಕತ್ತಲಾದ ಮೇಲೆ ಓಡಿಸಬೇಡಿ ಅನ್ನುವುದು ಅಲ್ಲಿ ಹಳೇ ನಿಯಮ. ಅದಕ್ಕೆ ಕಳ್ಳರು ಅರ್ಧ ಕಾರಣ. ಉಳಿದರ್ಧ ರಸ್ತೆಗೆ ಅಡ್ಡ ಬರುವ ದನ, ದೀಪವಿಲ್ಲದೆ ನಿಂತ ಲಾರಿ. ನಿಲ್ಲಿಸಿ ಮಲಗುವುದಾದರೆ ಆರ್‌ವಿ ಪಾರ್ಕಿನಲ್ಲಿ, ಇಲ್ಲವೇ ರಾತ್ರಿಯಿಡೀ ತೆರೆದಿರುವ ದೊಡ್ಡ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ. ನಮ್ಮ ಲಾರಿ ಡ್ರೈವರುಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ದೇಶ ಯಾವುದಾದರೂ ಲಾರಿಯವರು ಗುಂಪಾಗಿ ನಿಲ್ಲಿಸಿದ ಜಾಗವೇ ಒಳ್ಳೆಯ ಜಾಗ.

ಕಾಗದ ಪತ್ರದ್ದೂ ಒಂದು ತೊಡಕಿದೆ. ಅಮೆರಿಕದ ಗಾಡಿ ವಿಮೆ ಮೆಕ್ಸಿಕೊದಲ್ಲಿ ನಡೆಯುವುದಿಲ್ಲ, ಅಲ್ಲಿನ ಕಂಪನಿಯ ವಿಮೆಯನ್ನೇ ಮಾಡಿಸಬೇಕು. ಗಡಿ ಪಟ್ಟಿ ದಾಟಿ ಒಳನಾಡಿಗೆ ಹೋಗುವ ಗಾಡಿಗೆ ತಾತ್ಕಾಲಿಕ ಪರವಾನಗಿ ಬೇಕು. ಬಾಹಾಕ್ಕೆ ಅದು ಬೇಡ. ಆರ್‌ವಿಗಾದರೆ ಈ ಪರವಾನಗಿಯನ್ನು ಹತ್ತು ವರ್ಷಕ್ಕೆ ಕೊಡುತ್ತಾರೆ. ಗಾಡಿ ವಾಪಸ್ ಹೋಗುವಾಗ ಅದನ್ನು ರದ್ದು ಮಾಡಿಸಬೇಕು. ಗಾಡಿ ಕಳುವಾದರೆ ಅದನ್ನು ದೇಶದೊಳಗೆ ಮಾರಿಲ್ಲ ಅಂತ ಸಾಬೀತು ಮಾಡುವ ಭಾರವೂ ಕಳೆದುಕೊಂಡವನ ತಲೆಗೇ. ಪೊಲೀಸ್ ದೂರಿನ ಪ್ರತಿ ಇಲ್ಲದೆ ವಿಮೆಯೂ ಇಲ್ಲ, ಪರವಾನಗಿಯಿಂದ ಬಿಡುಗಡೆಯೂ ಇಲ್ಲ.

ಇನ್ನು 2024ರ ಏಪ್ರಿಲ್. ಬಾಹಾದ ಎನ್ಸೆನಾಡಾ ಪಟ್ಟಣದ ದಕ್ಷಿಣಕ್ಕೆ ಸಮುದ್ರದ ದಂಡೆಯಲ್ಲಿ ಮೂವರು ಗೆಳೆಯರು ಪಿಕಪ್ ನಿಲ್ಲಿಸಿ ಡೇರೆ ಹಾಕಿದ್ದರು. ಆಸ್ಟ್ರೇಲಿಯಾದ ಅಣ್ಣತಮ್ಮ, ಅಮೆರಿಕದ ಒಬ್ಬ ಸ್ನೇಹಿತ. ಸರ್ಫಿಂಗ್ ಮಾಡಲು ಬಂದವರು. ಅತ್ತ ಹಾದು ಹೋಗುತ್ತಿದ್ದ ಕೆಲವರ ಕಣ್ಣಿಗೆ ಗಾಡಿ ಬಿತ್ತು. ಗಾಡಿ, ಮುಖ್ಯವಾಗಿ ಅದರ ಟೈರುಗಳು ಬೇಕಾಗಿದ್ದವು, ಇವರು ತಡೆದಾಗ ಕೊಂದರು ಅಂತ ರಾಜ್ಯದ ಮುಖ್ಯ ಸರ್ಕಾರಿ ವಕೀಲರು ಹೇಳಿದರು. ನಾಲ್ಕು ಟೈರು! ಮೇ 3ರಂದು ಸುಮಾರು 15 ಮೀಟರ್ ಆಳದ ಬಾವಿಯಲ್ಲಿ ಮೂವರ ಶವ ಸಿಕ್ಕವು.

ಅದೇ ಬಾವಿಯಲ್ಲಿ ನಾಲ್ಕನೆಯ ಶವವೂ ಸಿಕ್ಕಿತು. ಅದು ಅವರಿಗಿಂತ ಮೊದಲೇ ಅಲ್ಲಿತ್ತು. ಈ ಪ್ರಕರಣಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ.

ಜಗತ್ತಿನ ಪತ್ರಿಕೆಗಳೆಲ್ಲ ಮೂವರ ಬಗ್ಗೆ ಬರೆದವು. ಬರೆಯಲೇಬೇಕಿತ್ತು. ಆದರೆ ಮೆಕ್ಸಿಕೊದಲ್ಲಿ ಕಾಣೆಯಾದವರ ಸರ್ಕಾರಿ ಪಟ್ಟಿಯಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಹೆಸರಿದೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅಲ್ಲಿ ಸಂಘ ಕಟ್ಟಿಕೊಂಡು, ಸಲಿಕೆ, ಕಬ್ಬಿಣದ ಸರಳು ಹಿಡಿದು, ಬಯಲು ಬಯಲು ಅಗೆದು ತಾವೇ ಹುಡುಕುತ್ತಾರೆ. ವಿದೇಶಿಯರಿಗಾಗಿ ಹುಡುಕಾಟ ನಡೆದಾಗ ಒಂದು ವಾರದೊಳಗೆ ಬಾವಿ ಸಿಗುತ್ತದೆ, ನಮ್ಮವರಿಗಾಗಿ ಯಾಕಿಲ್ಲ ಅನ್ನುವ ಪ್ರಶ್ನೆ ಅಲ್ಲಿ ಎದ್ದಿತು. ಹೆದ್ದಾರಿ ದರೋಡೆಗೆ ಹೆಚ್ಚು ಸಿಕ್ಕುವವರೂ ಆರ್‌ವಿ ಪ್ರವಾಸಿಗಳಲ್ಲ, ಸರಕು ಹೊತ್ತ ಮೆಕ್ಸಿಕೊದ ಲಾರಿ ಚಾಲಕರು. ಅದೇ 2024ರ ಫೆಬ್ರುವರಿಯಲ್ಲಿ ಅವರು ರಸ್ತೆಗಿಳಿದು, ನಮ್ಮ ಜೀವಕ್ಕೆ ಕಾವಲು ಕೊಡಿ ಅಂತ ಪ್ರತಿಭಟನೆ ಮಾಡಿದ್ದರು. ಪ್ರವಾಸಿ ಒಂದು ಸಲ ಹೆದರಿದರೆ ಮುಂದಿನ ವರ್ಷ ಬೇರೆ ದೇಶಕ್ಕೆ ಹೋಗುತ್ತಾನೆ. ಲಾರಿಯವನು ಮರುದಿನ ಅದೇ ರಸ್ತೆಗೆ ಹೋಗಬೇಕು.

ಶವಗಳು ಸಿಕ್ಕ ಎರಡು ದಿನಕ್ಕೆ, ಭಾನುವಾರ, ಎನ್ಸೆನಾಡಾದ ಜನ ಮೆರವಣಿಗೆ ಹೊರಟರು. ಊರಿನ ಸರ್ಫಿಂಗ್ ಹುಡುಗರು ಹಲಗೆಗಳ ಮೇಲೆ ಸಮುದ್ರಕ್ಕೆ ಈಜಿ ಹೋಗಿ, ನೀರಿನ ಮೇಲೆ ವರ್ತುಲವಾಗಿ ಕೂತು, ತಾವು ಕಂಡೇ ಇರದ ಮೂವರಿಗೆ ವಿದಾಯ ಹೇಳಿದರು.